ಮನೆಯ ಕಂಪ್ಯೂಟರಿಗೊಬ್ಬ ಕಾವಲುಗಾರ

ಮನೆಗೆ ಹೊಸ ಕಂಪ್ಯೂಟರ್ ಬಂದಿತೆಂದರೆ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಇದಕ್ಕೆ ಯಾವ ಆಂಟಿವೈರಸ್ ಹಾಕಿಸೋಣ? ಅಂಗಡಿಯವನು ಗಾಜಿನ ಬೀರುವಿನಿಂದ ಬಣ್ಣದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ನೆರೆಮನೆಯವರು ಬೇರೊಂದರ ಹೆಸರನ್ನು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಬಂಧುವಿಗೆ ಫೋನ್ ಮಾಡಿದರೆ ಆತ ಮೂರನೆಯದೊಂದನ್ನು ಹೊಗಳುತ್ತಾನೆ. ಯಾವುದು ಹೆಚ್ಚು ಬಲಶಾಲಿ, ಯಾವುದು ಹೆಚ್ಚು ಅಗ್ಗ ಎಂಬ ಎರಡೇ ಅಳತೆಗೋಲುಗಳಿಂದ ನಾವು ಈ ವಸ್ತುವನ್ನು ಅಳೆಯುತ್ತೇವೆ. ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮತ್ತೊಂದುಂಟು. ನಾವು ಕಾವಲಿಗೆ ನಿಲ್ಲಿಸುತ್ತಿರುವವನು ಯಾರು? ಅವನ ಅನ್ನ ಎಲ್ಲಿಂದ ಬರುತ್ತದೆ? ಇದನ್ನು ಕೇಳದೆ ಹೋದುದರ ಫಲವನ್ನು ಉಂಡವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಹಿಂದೆ ನಮ್ಮ ಊರುಗಳಲ್ಲಿ ತಳವಾರನೆಂಬ ಕಾವಲುಗಾರನಿರುತ್ತಿದ್ದ. ನಮ್ಮ ತಾತನವರು ಅವನ ವಿಷಯ ಹೇಳುತ್ತಿದ್ದುದನ್ನು ಬಾಲ್ಯದಲ್ಲಿ ಕೇಳಿದ್ದೇನೆ. ಯಾರ ಮನೆಯ ಹಿತ್ತಿಲ ಬಾಗಿಲಿನ ಅಗುಳಿ ಸಡಿಲವಾಗಿದೆ, ಯಾರು ಊರಿನಲ್ಲಿಲ್ಲ, ಯಾರ ಕಣದಲ್ಲಿ ರಾಶಿ ಬಿದ್ದಿದೆ, ಎಲ್ಲವೂ ಅವನಿಗೆ ಗೊತ್ತು. ಕಳ್ಳನಿಗೆ ಬೇಕಾದ ತಿಳಿವಳಿಕೆಯೆಲ್ಲ ಕಾವಲುಗಾರನಿಗೂ ಬೇಕೇ ಬೇಕು. ಆದರೂ ಊರು ನಿಶ್ಚಿಂತೆಯಿಂದ ನಿದ್ರೆ ಮಾಡುತ್ತಿದ್ದಿತು. ಏಕೆಂದರೆ ಅವನ ಮನೆ ಯಾವುದೆಂದು ಊರಿಗೆ ಗೊತ್ತು. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಕಾಳನ್ನು ಅಳೆದು ಕೊಡುತ್ತಿದ್ದವರು ಊರಿನವರೇ. ಅವನು ಯಾರ ಋಣದಲ್ಲಿದ್ದಾನೆಂಬ ಬಗೆಗೆ ಸಂಶಯಕ್ಕೆ ಎಡೆಯಿರಲಿಲ್ಲ.

ಕಂಪ್ಯೂಟರಿನ ಕಾವಲು ತಂತ್ರಾಂಶವೂ ಅಂತೆಯೇ ಮನೆಯ ಮೂಲೆಮೂಲೆಗಳನ್ನು ಬಲ್ಲದು. ನಾವು ತೆರೆಯುವ ಕಡತವನ್ನು ನಮಗಿಂತ ಮೊದಲು ಅದು ತೆರೆದು ನೋಡಿರುತ್ತದೆ. ಪೊಲೀಸರು ಹಳೆಯ ಅಪರಾಧಿಗಳ ಬೆರಳಚ್ಚನ್ನು ಇಟ್ಟುಕೊಂಡಿರುವಂತೆ ಅದರ ಬಳಿಯೂ ದುಷ್ಟ ತಂತ್ರಾಂಶಗಳ ಗುರುತುಗಳ ಪಟ್ಟಿಯೊಂದಿರುತ್ತದೆ. ಹೊಸದಾಗಿ ಬಂದ ಕಡತವನ್ನು ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಆದರೆ ಇದೊಂದೇ ಉಪಾಯ ಈಗ ಸಾಲದು. ಜರ್ಮನಿಯ ಮಾಗ್ಡೆಬರ್ಗ್ ನಗರದಲ್ಲಿ ಎವಿ-ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆಯಿದೆ. ದಿನವೊಂದಕ್ಕೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಹೊಸ ದುಷ್ಟ ಹಾಗೂ ಅನಪೇಕ್ಷಿತ ತಂತ್ರಾಂಶಗಳು ತನ್ನ ದಾಖಲೆಗೆ ಸೇರುತ್ತವೆಯೆಂದು ಅದು ಹೇಳುತ್ತದೆ. ಇಷ್ಟು ಮಂದಿಯ ಬೆರಳಚ್ಚನ್ನು ಇಟ್ಟುಕೊಳ್ಳುವುದೆಂತು? ಆದ್ದರಿಂದ ಈಗಿನ ಕಾವಲು ತಂತ್ರಾಂಶಗಳು ಮುಖವನ್ನು ಮಾತ್ರವಲ್ಲದೆ ನಡತೆಯನ್ನೂ ಗಮನಿಸುತ್ತವೆ. ನಡುರಾತ್ರಿಯಲ್ಲಿ ಹಿತ್ತಿಲ ಗೋಡೆಯನ್ನು ಏರುತ್ತಿರುವವನ ಹೆಸರು ಠಾಣೆಯ ಪುಸ್ತಕದಲ್ಲಿ ಇರಲೇಬೇಕೆಂದಿಲ್ಲವಷ್ಟೆ. ಅಪರಿಚಿತ ತಂತ್ರಾಂಶವೊಂದು ಇದ್ದಕ್ಕಿದ್ದಂತೆ ನೂರಾರು ಕಡತಗಳನ್ನು ತಿದ್ದತೊಡಗಿದರೆ ಕಾವಲುಗಾರನು ಅದರ ಕೈ ಹಿಡಿಯಬೇಕು.

ಇಂಥ ಕೆಲಸಕ್ಕೆ ಇಡೀ ಯಂತ್ರದ ಮೇಲೆ ಅಧಿಕಾರ ಬೇಕು. ಆ ಅಧಿಕಾರ ಎಷ್ಟು ಆಳವಾದುದೆಂಬುದು 2024ರ ಜುಲೈ 19ರಂದು ಜಗತ್ತಿಗೆಲ್ಲ ತಿಳಿಯಿತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ತನ್ನ ಕಾವಲು ತಂತ್ರಾಂಶಕ್ಕೆ ಅಂದು ಕಳುಹಿಸಿದ ಒಂದು ಅಪ್‌ಡೇಟಿನಲ್ಲಿ ದೋಷವಿದ್ದಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಯನ್ನು ತೋರಿ ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದು ಕೊಡಬೇಕಾಯಿತು. ಅಂದು ಯಾವ ಕಳ್ಳನೂ ಬಂದಿರಲಿಲ್ಲ. ಕಾವಲುಗಾರನೇ ಎಡವಿ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದನು. ಅದು ಕಚೇರಿಗಳಿಗಾಗಿ ಇರುವ ತಂತ್ರಾಂಶ, ನಮ್ಮ ಮನೆಗಳಿಗೆ ಬರುವಂಥದಲ್ಲ ಎಂಬುದು ನಿಜ. ಆದರೆ ಮನೆಯ ಕಾವಲುಗಾರನಿಗೂ ನಾವು ಇಂಥದೇ ಕೀಲಿಕೈಗೊಂಚಲನ್ನು ಕೊಟ್ಟಿರುತ್ತೇವೆ.

ಕಳ್ಳರ ವಿಷಯವನ್ನೂ ಒಂದಿಷ್ಟು ಹೇಳಬೇಕು. 1982ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಎಂಬ ಹದಿನೈದು ವರ್ಷದ ಹುಡುಗ 'ಎಲ್ಕ್ ಕ್ಲೋನರ್' ಎಂಬ ವೈರಸ್ಸನ್ನು ಬರೆದನು. ಆಗ ಅವನು ಓದುತ್ತಿದ್ದುದು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ! ಗೆಳೆಯರಿಗೆ ಕೊಟ್ಟ ಫ್ಲಾಪಿ ತಟ್ಟೆಗಳ ಮೂಲಕ ಅದು ಯಂತ್ರದಿಂದ ಯಂತ್ರಕ್ಕೆ ಹರಡಿ, ಐವತ್ತನೆಯ ಬಾರಿ ಯಂತ್ರವನ್ನು ಹೊತ್ತಿಸಿದಾಗ ಪರದೆಯ ಮೇಲೆ ಒಂದು ಪುಟ್ಟ ಪದ್ಯವನ್ನು ತೋರುತ್ತಿದ್ದಿತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು 'ಬ್ರೇನ್' ಎಂಬ ವೈರಸ್ಸನ್ನು ಬರೆದು ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಟೆಲಿಫೋನ್ ಸಂಖ್ಯೆ ಎಲ್ಲವನ್ನೂ ನಮೂದಿಸಿದ್ದರು. ವಿಳಾಸ ಕೊಟ್ಟು ಹೋಗುವ ಕಳ್ಳರ ಕಾಲ ಅದು. ಈಗ ಕಳವು ಒಂದು ಉದ್ಯಮವಾಗಿದೆ. ಪದ್ಯ ತೋರಿಸುವುದಕ್ಕಾಗಿ ಇಂದು ಯಾರೂ ವೈರಸ್ ಬರೆಯುವುದಿಲ್ಲ.

ಇನ್ನು ನನ್ನ ಕಥೆ. ನಿವೃತ್ತನಾದ ಮೇಲೆ ನಾನು ನಮ್ಮ ಸೀಮೆಯ ಕಸುಬುಗಳ ಪದಗಳನ್ನು ಸಂಗ್ರಹಿಸುವ ಕೆಲಸಕ್ಕೆ ತೊಡಗಿದೆ. ಆಲೆಮನೆ, ಮಗ್ಗ, ಏತ, ಗಾಡಿಯ ಕೆಲಸ ಮೊದಲಾದವುಗಳ ಪದಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡು ತರುವಾಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಿಂದ ಟೈಪು ಮಾಡುತ್ತಿದ್ದೆ. ಕೈ ಪಳಗಿದ ಮೇಲೆ ನೋಟ್‌ಬುಕ್ಕು ಬೇಡವೆನ್ನಿಸಿತು. ಪಕ್ಕದ ಊರಿನಲ್ಲಿ ಕುಲುಮೆ ನಡೆಸುತ್ತಿದ್ದ, ಎಂಬತ್ತು ದಾಟಿದ ಆಚಾರ್ಯರೊಬ್ಬರು ನಮ್ಮ ಮನೆಗೇ ಬಂದು ಕುಳಿತು ಹೇಳಿದ ಪದಗಳನ್ನೆಲ್ಲ ನೇರವಾಗಿ ಯಂತ್ರಕ್ಕೇ ತುಂಬಿದೆ. ತಿದಿ, ಅಡಿಗಲ್ಲು, ಇಕ್ಕಳ, ಚಮ್ಮಟಿಗೆ ಇವನ್ನು ಎಲ್ಲರೂ ಬಲ್ಲರು. ಕಬ್ಬಿಣ ಕಾಯುವ ಒಂದೊಂದು ಹಂತದ ಬಣ್ಣಕ್ಕೂ ಅವರಲ್ಲಿ ಒಂದೊಂದು ಹೆಸರಿದ್ದಿತು. ಅವು ಯಾವ ನಿಘಂಟಿನಲ್ಲಿಯೂ ನನಗೆ ಕಂಡಿಲ್ಲ. (ಅವರು ಲೋಹವನ್ನು ಉಜ್ಜಲು ಬಳಸುತ್ತಿದ್ದ 'ಅರ'ಕ್ಕೂ ನಾನು ಟೈಪು ಮಾಡುತ್ತಿದ್ದ ಕಡತಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು, ಫೈಲ್. ಇದನ್ನು ಹೇಳಿದಾಗ ಅವರು ಬಹಳ ನಕ್ಕರು.) ಆ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು.

2016ರ ಕೊನೆಯಲ್ಲಿ ಒಂದು ಅಧ್ಯಾಯವನ್ನು ಅಚ್ಚು ತೆಗೆಸಲೆಂದು ಪೆನ್ ಡ್ರೈವನ್ನು ಡಿ.ಟಿ.ಪಿ. ಅಂಗಡಿಯೊಂದಕ್ಕೆ ಒಯ್ದೆ. ಹತ್ತು ಮಂದಿಯ ಪೆನ್ ಡ್ರೈವ್ ಚುಚ್ಚಿದ ಯಂತ್ರಕ್ಕೆ ನನ್ನದನ್ನೂ ಚುಚ್ಚಿದರು. ಮನೆಗೆ ಬಂದು ನನ್ನ ಯಂತ್ರಕ್ಕೆ ಸಿಕ್ಕಿಸಿ ನೋಡುತ್ತೇನೆ, ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಮಾತ್ರ ನಿಂತಿವೆ. ಎದೆ ಧಸಕ್ಕೆಂದಿತು. ಪರಿಹಾರವನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿರುವಾಗ ಪರದೆಯ ತುಂಬ ಕೆಂಪು ಬಣ್ಣದ ಎಚ್ಚರಿಕೆಯೊಂದು ಮೂಡಿತು: ನಿಮ್ಮ ಯಂತ್ರದಲ್ಲಿ 312 ವೈರಸ್ಸುಗಳಿವೆ, ಈ ಕೂಡಲೇ ಶುದ್ಧಿ ಮಾಡಿರಿ. ಕೂತಲ್ಲೇ ಎಣಿಸಿ ಹೇಳಿದವನು ದೊಡ್ಡ ವೈದ್ಯನೇ ಇರಬೇಕೆಂದುಕೊಂಡು ಅವನು ತೋರಿದ ತಂತ್ರಾಂಶವನ್ನು ಇಳಿಸಿಕೊಂಡೆ. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಹೌದು, ಹೌದು ಎಂದು ಒತ್ತಿದೆ. ಬೆಳಗಾಗುವಷ್ಟರಲ್ಲಿ ಕಡತಗಳ ಹೆಸರಿನ ಬಾಲಗಳೆಲ್ಲ ಬದಲಾಗಿದ್ದವು. ಯಾವುದೂ ತೆರೆಯಲೊಲ್ಲದು. ಬಿಡಿಸಿಕೊಳ್ಳಬೇಕಾದರೆ ಬಿಟ್‌ಕಾಯಿನ್ ಎಂಬ ನಾಣ್ಯದಲ್ಲಿ ಇಷ್ಟು ತೆರಬೇಕೆಂದು ಒಂದು ಪತ್ರವಿದ್ದಿತು.

ಕಂಪ್ಯೂಟರ್ ರಿಪೇರಿ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಅವನು ನೋಡಿ ತಲೆ ತಗ್ಗಿಸಿಕೊಂಡು ಹೇಳಿದ: "ಮೇಷ್ಟ್ರೇ, ಮೊದಲು ಬಂದಿತ್ತಲ್ಲ, ಅದು ದೊಡ್ಡ ರೋಗವೇ ಅಲ್ಲ. ಕಡತಗಳು ಎಲ್ಲಿಗೂ ಹೋಗಿರಲಿಲ್ಲ, ಕಣ್ಣಿಗೆ ಮರೆಯಾಗಿದ್ದವು ಅಷ್ಟೇ. ಎರಡು ನಿಮಿಷದ ಕೆಲಸ. ನೀವು ಹಾಕಿಕೊಂಡ ಔಷಧವೇ ಕೊಂದಿತು." ಹಣ ತೆರಬೇಡಿರೆಂದೂ, ತೆತ್ತವರಿಗೆಲ್ಲ ಕಡತ ಮರಳಿ ದೊರೆಯುವುದೆಂಬ ಭರವಸೆಯಿಲ್ಲವೆಂದೂ ಅವನು ಹೇಳಿದ. ನಾನು ತೆರಲಿಲ್ಲ. ಉಳಿದ ಕಸುಬುಗಳ ಪದಗಳು ನೋಟ್‌ಬುಕ್ಕಿನಲ್ಲಿದ್ದವು. ಕುಲುಮೆಯ ಪದಗಳು ಎಲ್ಲಿಯೂ ಇರಲಿಲ್ಲ. ಎಣಿಸಿದಾಗ 214 ಇದ್ದವೆಂದು ಡೈರಿಯೊಂದರಲ್ಲಿ ಗುರುತು ಹಾಕಿಕೊಂಡಿದ್ದೆ. ಆ ಲೆಕ್ಕ ಮಾತ್ರ ಉಳಿಯಿತು.

ಹಾಗಾದರೆ ಯಾವ ಕಾವಲುಗಾರನನ್ನು ಆರಿಸಬೇಕು? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿರುವುದು ವಿಂಡೋಸ್ ಕಂಪ್ಯೂಟರಾಗಿದ್ದರೆ ಅದರೊಳಗೆ ಡಿಫೆಂಡರ್ ಎಂಬ ಕಾವಲುಗಾರನು ಆಗಲೇ ಇದ್ದಾನೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಅದು ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸಿನೊಡನೆಯೇ ಬರುತ್ತಿದೆ. ಬೇರೆ ಹಣ ತೆರಬೇಕಾಗಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಪರೀಕ್ಷಾ ಸಂಸ್ಥೆಗಳ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದುದೇನೋ ನಿಜ. ಈಚಿನ ವರ್ಷಗಳಲ್ಲಿ ಹಣ ತೆತ್ತು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲಿಯೇ ಅದಕ್ಕೂ ಅಂಕಗಳು ಬರುತ್ತಿವೆ. ಸಾಧಾರಣ ಮನೆಯೊಂದಕ್ಕೆ ಇದು ಸಾಕು ಎಂಬುದು ನನ್ನ ಮತ. ಮೈಕ್ರೋಸಾಫ್ಟ್ ಸಾಧುಸಂತರ ಸಂಸ್ಥೆಯೆಂದು ನಾನು ಹೀಗೆ ಹೇಳುತ್ತಿಲ್ಲ. ಮನೆ ಕಟ್ಟಿದವರು ಅವರು, ಕೀಲಿಕೈ ಹೇಗೂ ಅವರ ಬಳಿ ಇದೆ. ಅದೇ ಮನೆಯ ಎರಡನೆಯ ಕೀಲಿಕೈಯನ್ನು ಮತ್ತೊಬ್ಬರ ಕೈಗಿಡುವುದಕ್ಕೆ ಬಲವಾದ ಕಾರಣವೊಂದು ಬೇಕು ಎಂಬುದಷ್ಟೇ ನನ್ನ ವಾದ.

ಕಾರಣವಿರುವವರೂ ಉಂಟು. ಹೊರಗಿನವರ ಪೆನ್ ಡ್ರೈವುಗಳು ದಿನವೂ ಬಂದು ಹೋಗುವ ಮನೆ, ಮನೆಯಿಂದಲೇ ವ್ಯಾಪಾರ ನಡೆಸುವವರು, ತೊಂದರೆಯಾದರೆ ಫೋನಿನಲ್ಲಿ ಮಾತನಾಡಿಸುವ ಮನುಷ್ಯರೊಬ್ಬರು ಬೇಕೆನ್ನುವ ಹಿರಿಯರು ಹಣ ಕೊಟ್ಟು ಕೊಳ್ಳುವುದನ್ನು ನಾನು ತಪ್ಪೆನ್ನಲಾರೆ. ನಮ್ಮ ದೇಶದಲ್ಲಿಯೇ ಇಂಥ ತಂತ್ರಾಂಶಗಳು ತಯಾರಾಗುತ್ತವೆ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯ ಅಂಗಡಿಯಿಂದ ಆರಂಭಿಸಿದ ಕಾಟ್ಕರ್ ಸೋದರರು 1990ರ ದಶಕದಲ್ಲಿ ಕ್ವಿಕ್ ಹೀಲ್ ಎಂಬುದನ್ನು ಕಟ್ಟಿದರು. ಕೊಳ್ಳುವ ಮುನ್ನ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರೆಟಿವ್ಸ್ ಮೊದಲಾದ ಸಂಸ್ಥೆಗಳ ಇತ್ತೀಚಿನ ಫಲಿತಾಂಶಗಳನ್ನು ನೋಡುವುದು ಒಳ್ಳೆಯದು. ಒಂದು ಪರೀಕ್ಷೆಯ ಅಂಕವನ್ನಲ್ಲ, ಎರಡು ಮೂರು ವರ್ಷಗಳ ಅಂಕಗಳನ್ನು. ಒಬ್ಬ ವಿದ್ಯಾರ್ಥಿಯನ್ನು ಒಂದೇ ಪರೀಕ್ಷೆಯಿಂದ ಅಳೆಯಬಾರದೆಂದು ಮೂವತ್ತು ವರ್ಷ ಹೇಳಿಕೊಂಡು ಬಂದವನು ನಾನು. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ಸುಗಳನ್ನು ಹಾಕುವುದು ಮಾತ್ರ ಸಲ್ಲದು. ಅವು ಪರಸ್ಪರ ಒಂದನ್ನೊಂದು ಕಳ್ಳನೆಂದು ಹಿಡಿಯಹೊರಟು ಯಂತ್ರ ತೆವಳತೊಡಗುತ್ತದೆ.

ಪುಕ್ಕಟೆಯಾಗಿ ದೊರೆಯುವವುಗಳ ವಿಷಯದಲ್ಲಿ ತಾತನವರ ತಳವಾರನನ್ನು ನೆನೆಯಬೇಕು. ಇವನಿಗೆ ಕಾಳು ಅಳೆಯುತ್ತಿರುವವರಾರು? ಜೆಕ್ ದೇಶದ ಅವಾಸ್ಟ್ ಎಂಬ ಕಂಪನಿಯ ಪುಕ್ಕಟೆ ತಂತ್ರಾಂಶವನ್ನು ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಬಳಸುತ್ತಿದ್ದರು. ಆ ಜನ ಇಂಟರ್ನೆಟ್ಟಿನಲ್ಲಿ ಯಾವ ಪುಟಗಳಿಗೆ ಹೋಗಿಬಂದರೆಂಬ ವಿವರವನ್ನು ಅದರ ಅಂಗಸಂಸ್ಥೆಯಾದ ಜಂಪ್‌ಶಾಟ್ ಬೇರೆ ಕಂಪನಿಗಳಿಗೆ ಮಾರುತ್ತಿದ್ದ ಸಂಗತಿ 2020ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಅಂಗಸಂಸ್ಥೆಯನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿ 1 ಕೋಟಿ 65 ಲಕ್ಷ ಡಾಲರ್ ತೆರಬೇಕೆಂದು ಆಜ್ಞೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ? ಅದೇ ವರ್ಷ ಅಮೆರಿಕ ಸರ್ಕಾರ ರಷ್ಯದ ಕ್ಯಾಸ್ಪರ್‌ಸ್ಕಿ ತಂತ್ರಾಂಶದ ಮಾರಾಟವನ್ನು ತನ್ನ ದೇಶದಲ್ಲಿ ನಿಷೇಧಿಸಿತು. ಆ ಕಂಪನಿ ಆರೋಪವನ್ನು ಒಪ್ಪಲಿಲ್ಲ. ಅದರ ಸತ್ಯಾಸತ್ಯವನ್ನು ತೀರ್ಮಾನಿಸುವವನು ನಾನಲ್ಲ. ಆದರೆ ಒಂದು ರಾಷ್ಟ್ರವೂ ಕೊನೆಗೆ ಕೇಳಿದ್ದು 'ಇವನ ಕಾವಲು ಚೆನ್ನಾಗಿದೆಯೆ' ಎಂದಲ್ಲ, 'ಇವನು ಯಾರ ಮಾತು ಕೇಳುವವನು' ಎಂದು.

ಹೆದರಿಸಿ ಮಾರುವವರ ವಿಷಯ ನನ್ನ ಕಥೆಯಲ್ಲಿಯೇ ಬಂದಿತು. ಯಾವ ವೆಬ್ ಪುಟವೂ ನಿಮ್ಮ ಯಂತ್ರದ ಒಳಗನ್ನು ಹೊಕ್ಕು ವೈರಸ್ಸುಗಳನ್ನು ಎಣಿಸಿ ಹೇಳಲಾರದು. ಅಂಥ ಎಚ್ಚರಿಕೆ ಕಂಡೊಡನೆ ಮಾಡಬೇಕಾದುದು ಆ ಪುಟವನ್ನು ಮುಚ್ಚುವುದೊಂದೇ. ನಿಜವಾಗಿ ಸಂಶಯವಿದ್ದರೆ ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಯಂತ್ರವನ್ನು ಶುದ್ಧಿ ಮಾಡುವ ಉಪಕರಣಗಳನ್ನು ಪುಕ್ಕಟೆಯಾಗಿ ಒದಗಿಸುತ್ತಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು.

ನಿಮ್ಮ ವಯಸ್ಸಿನವರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕಾಗಿದೆ. ಅನೇಕ ಮನೆಗಳಲ್ಲಿ ತಂದೆತಾಯಿಗಳಿಗಿಂತ ನೀವೇ ಈ ಯಂತ್ರವನ್ನು ಚೆನ್ನಾಗಿ ಬಲ್ಲಿರಿ. ಆದುದರಿಂದ ಕೀಲಿಕೈ ಯಾರಿಗೆಂಬುದನ್ನು ನಿಶ್ಚಯಿಸುವವರೂ ಬಹುಮಟ್ಟಿಗೆ ನೀವೇ. ಹಣ ಕೊಟ್ಟು ಕೊಳ್ಳಬೇಕಾದ ಆಟವನ್ನೋ ತಂತ್ರಾಂಶವನ್ನೋ ಪುಕ್ಕಟೆಯಾಗಿ ಕೊಡುವ 'ಕ್ರ್ಯಾಕ್' ಎಂಬುವು ಇವೆಯಷ್ಟೆ. ಅವುಗಳ ಸೂಚನೆಯಲ್ಲಿ ಬಹುಸಾರಿ ಇರುವ ಮೊದಲ ಸಾಲನ್ನು ಗಮನಿಸಿದ್ದೀರಾ? ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ಆರಿಸಿರಿ, ಎಂದು. ಕಾವಲುಗಾರನನ್ನು ಕಾಫಿಗೆ ಕಳುಹಿಸಿ, ಆಮೇಲೆ ನಾನು ಒಳಗೆ ಬರುತ್ತೇನೆ ಎನ್ನುವ ಅತಿಥಿ ಎಂಥವನಿರಬಹುದು! ಹೀಗೆ ಆರಿಸುವ ಮನೆಯಲ್ಲಿ ಸಾವಿರಾರು ರೂಪಾಯಿಯ ಆಂಟಿವೈರಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಾವಲುಗಾರನಿದ್ದ ಮಾತ್ರಕ್ಕೆ ಗೋಡೆಯ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಅದನ್ನು ಮುಚ್ಚುವುದು ಅಪ್‌ಡೇಟಿನ ಕೆಲಸ. 2017ರ ಮೇ 12ರಂದು ವಾನಾಕ್ರೈ ಎಂಬ ದಾಳಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆಯೇ, ಮಾರ್ಚಿನಲ್ಲಿ, ಗಾರೆಯನ್ನು ಕಳುಹಿಸಿಕೊಟ್ಟಿದ್ದಿತು. ಮೆತ್ತಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲಿಯೇ ಇರುವ ಮನೆಗಳವರು ಹೊಸ ಆಂಟಿವೈರಸ್ಸಿಗೆಂದು ಕೈಚೀಲ ಬಿಚ್ಚುವ ಮೊದಲು ಗೋಡೆಯ ಚಿಂತೆ ಮಾಡುವುದು ಮೇಲು. ಯಂತ್ರ ಹಳೆಯದಾಗಿ ವಿಂಡೋಸ್ 11ನ್ನು ಒಪ್ಪದಿದ್ದರೆ ಪುಕ್ಕಟೆಯಾಗಿ ದೊರೆಯುವ ಲಿನಕ್ಸ್ ಇದೆ; ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಅದರಲ್ಲಿಯೇ ಕಲಿಯುತ್ತಾರೆ.

ಎಷ್ಟೇ ಒಳ್ಳೆಯ ಕಾವಲುಗಾರನಾದರೂ ಒಂದು ರಾತ್ರಿ ತೂಕಡಿಸಿಯಾನು. ಆ ರಾತ್ರಿಗಾಗಿ ಪ್ರತಿಯೊಂದು ಇರಬೇಕು. ನಾನೀಗ ಪ್ರತಿ ಭಾನುವಾರ ಬೆಳಿಗ್ಗೆ ಕಡತಗಳನ್ನೆಲ್ಲ ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿ, ಯಂತ್ರದಿಂದ ಅದನ್ನು ಕಳಚಿ, ಕಬ್ಬಿಣದ ಬೀರುವಿನಲ್ಲಿ ಇಡುತ್ತೇನೆ. ಕಳಚಿಡುವುದು ಮುಖ್ಯ, ಸಿಕ್ಕಿಸಿಯೇ ಬಿಟ್ಟಿದ್ದರೆ ಬೀಗ ಜಡಿಯುವವನು ಅದಕ್ಕೂ ಜಡಿಯುತ್ತಾನೆ. ಮತ್ತೊಂದು ಪ್ರತಿ ಮಗಳ ಮನೆಯಲ್ಲಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನನ್ನ ಹೆಂಡತಿ ಭಾನುವಾರಕ್ಕೊಮ್ಮೆ ಹಾಸ್ಯ ಮಾಡುವುದುಂಟು.

ಆಚಾರ್ಯರ ಕುಲುಮೆ ಈಗ ಇಲ್ಲ. ಅವರ ಮೊಮ್ಮಗ ತುಮಕೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ತಿಂಗಳಿಗೊಮ್ಮೆ ಅವನ ಬಳಿ ಹೋಗಿ ಕುಳಿತುಕೊಳ್ಳುತ್ತೇನೆ. ಅವನಿಗೆ ಬಿಡುವಿದ್ದಾಗ, ಅಜ್ಜ ತಿದಿ ಒತ್ತಿಸುವಾಗ ಏನೆಂದು ಕೂಗುತ್ತಿದ್ದರು, ಕೆಂಪೇರಿದ ಕಬ್ಬಿಣವನ್ನು ಏನೆಂದು ಕರೆಯುತ್ತಿದ್ದರು ಎಂದು ನೆನಪು ಮಾಡಿಕೊಂಡು ಹೇಳುತ್ತಾನೆ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಟೈಪು ಮಾಡುತ್ತೇನೆ. 214ರಲ್ಲಿ ಈವರೆಗೆ ಮರಳಿ ದೊರೆತಿರುವುವು 61.